ಭೂತ ಕುಡಿದ ಕೋಲಾ

ನನ್ನ ಹೆಸರು ದ್ರೌಪದಿ. ಐದು ಗಂಡಂದಿರ ಜೋಕನ್ನು ಈ ಊರಿನಲ್ಲಿ ಎಷ್ಟು ಸಲ ಕೇಳಿದ್ದೇನೋ ಗೊತ್ತಿಲ್ಲ. ಇರುವ ಒಬ್ಬನನ್ನು ಸಂಭಾಳಿಸಿಯೇ ನನಗೆ ಸಾಕಾಗಿದೆ. ಡೊಂಬಿವಲಿಯ ಕನ್ನಡ ಶಾಲೆಯೊಂದರಲ್ಲಿ ಆರು, ಏಳು, ಎಂಟನೆಯ ತರಗತಿಗಳಿಗೆ ಇಪ್ಪತ್ತೊಂದು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ನಾನು ಗದಗಿನವಳು. ಮಕ್ಕಳಲ್ಲಿ ಮುಕ್ಕಾಲು ಪಾಲು ಉಡುಪಿ, ಮಂಗಳೂರು ಕಡೆಯ ಹೋಟೆಲಿನವರ ಮಕ್ಕಳು. ನನ್ನ ಕನ್ನಡ ಕೇಳಿ ಅವರ ಅಪ್ಪ ಅಮ್ಮಂದಿರಿಗೆ ನಗು, ಅವರ ಕನ್ನಡ ಕೇಳಿ ನನಗೆ ನಗು. ಮಕ್ಕಳು ಎರಡನ್ನೂ ಕೇಳಿಸಿಕೊಂಡು ಹಿಂದಿಯಲ್ಲಿ ಉತ್ತರ ಕೊಡುತ್ತಾರೆ.

ಶನಿವಾರದ ಕೊನೆಯ ಎರಡು ಪೀರಿಯಡ್‌ಗೆ ‘ಕಲೆ ಮತ್ತು ಸಂಸ್ಕಾರ’ ಎಂದು ಹೆಸರು. ಭಜನೆ, ರಂಗೋಲಿ, ಮಣ್ಣಿನ ಗಣಪತಿ, ಚಿತ್ರ, ಎಲ್ಲ ಅದರಲ್ಲೇ ಬಂತು. ಈ ವರ್ಷ ‘ನಮ್ಮ ಊರಿನ ಆಚರಣೆಗಳು’ ಎಂದು ಮಕ್ಕಳ ಚಿತ್ರಗಳ ಪ್ರದರ್ಶನ ಮಾಡಬೇಕೆಂದು ಆಡಳಿತ ಮಂಡಳಿಯವರು ಹತ್ತು ವಿಷಯಗಳ ಪಟ್ಟಿ ಕಳಿಸಿದರು. ಆರನೆಯ ತರಗತಿಯ ಬೋರ್ಡಿನ ಮೇಲೆ ಅದನ್ನು ಬರೆದೆ. ನಾಗರಪಂಚಮಿ ಅಂದರೇನು, ತುಳಸಿ ಪೂಜೆ ಅಂದರೇನು ಎಂದು ವಿವರಿಸಿದೆ. ‘ಭೂತಕೋಲ’ ಎಂಬಲ್ಲಿಗೆ ಬಂದಾಗ ಮಾತ್ರ ಬೇಗ ಬೇಗ ದಾಟಿಬಿಟ್ಟೆ. ಅದನ್ನು ನಾನು ಕಣ್ಣಾರೆ ಕಂಡವಳಲ್ಲ. ಸ್ಟಾಫ್ ರೂಮಿನಲ್ಲಿ ಯಾರನ್ನಾದರೂ ಕೇಳಬಹುದಿತ್ತು. ಇಷ್ಟು ವರ್ಷ ಈ ಮಕ್ಕಳಿಗೆ ಕಲಿಸಿ ಇಷ್ಟೂ ಗೊತ್ತಿಲ್ಲವೇ ಎಂದಾರು ಎಂಬ ಹುಂಬ ಅಭಿಮಾನದಿಂದ ಕೇಳಲಿಲ್ಲ. ಅಷ್ಟರಲ್ಲಿ ಪಕ್ಕದ ಕೋಣೆಯಲ್ಲಿ ಏಳನೆಯ ತರಗತಿಯ ಹುಡುಗರು ಭಜನೆಯ ತಾಳಗಳನ್ನೇ ಹಿಡಿದು ಯುದ್ಧ ಶುರುಮಾಡಿದ್ದರು. ಅವರ ಕಿವಿ ಹಿಂಡಲು ಓಡಿದೆ.

ಭೂತಕೋಲವನ್ನು ಆರಿಸಿಕೊಂಡವಳು ಶ್ರದ್ಧಾ. ಠಾಕುರ್ಲಿಯಲ್ಲಿ ಮನೆ. ಅಪ್ಪ ಜಯೇಶ್ ಠಾಣೆಯ ನೌಪಾಡಾದ ಹೋಟೆಲೊಂದರಲ್ಲಿ ಮ್ಯಾನೇಜರ್. ಹುಡುಗಿ ಹುಟ್ಟಿದ್ದು ಕಲ್ಯಾಣದಲ್ಲಿ, ಊರು ನೋಡಿದ್ದು ಎರಡೇ ಸಲ, ಅದೂ ಮದುವೆಗಳಿಗೆ. ಇಡೀ ವರ್ಷ ತರಗತಿಯಲ್ಲಿ ಅವಳ ಬಾಯಿಂದ ಹತ್ತು ಮಾತು ಹೊರಟಿರಲಿಲ್ಲ. ಆದರೆ ಪೆನ್ಸಿಲ್ ಕೈಗೆ ಸಿಕ್ಕಿದರೆ ಅವಳನ್ನು ಹಿಡಿಯುವವರಿಲ್ಲ.

ಪ್ರದರ್ಶನದ ತಯಾರಿಗೆ ಬಿಡುವೇ ಇಲ್ಲದೆ ನಲವತ್ತು ಚಿತ್ರಗಳನ್ನು ನಾನು ನೋಡದೆಯೇ ಗೋಡೆಗೆ ಹಚ್ಚಿಸಿದ್ದೆ. ಶುಕ್ರವಾರ ಮಂಡಳಿಯ ಅಧ್ಯಕ್ಷ ಯೋಗೀಶ್ ಪರಿಶೀಲನೆಗೆ ಬಂದರು. ಒಂದು ಚಿತ್ರದ ಮುಂದೆ ನಿಂತವರು ಅಲ್ಲಿಂದ ಕದಲಲೇ ಇಲ್ಲ. ನಾನೂ ಹೋಗಿ ನೋಡಿದೆ.

ರೈಲ್ವೆ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಬಿಳೀ ಬಟ್ಟೆಯ ಒಂದು ಭೂತ ಕೂತಿತ್ತು. ಪಾದಗಳು ಹಿಂದುಮುಂದು. ಕೈಯಲ್ಲಿ ಕೋಲಾ ಬಾಟಲಿ, ಅದರಲ್ಲಿ ಕೆಂಪು ಸ್ಟ್ರಾ. ಕೆಳಗೆ ದುಂಡಗೆ ಬರೆದಿದ್ದಳು: ‘ಭೂತ, ಕೋಲಾ. ಶ್ರದ್ಧಾ, ಆರನೆಯ ತರಗತಿ.’ ತನ್ನ ಹೆಸರಿನ ಒತ್ತಕ್ಷರವನ್ನು ಅವಳು ತಪ್ಪಿಲ್ಲದೆ ಬರೆದದ್ದು ಅದೇ ಮೊದಲು. ನನಗೆ ನಗು ತಡೆಯಲಾಗಲಿಲ್ಲ. ಯೋಗೀಶರ ಮುಖ ನೋಡಿದ ಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡೆ.

ಅವರ ಕಣ್ಣು ಕೆಂಪಾಗಿತ್ತು. ಭೂತ ಎಂದರೆ ಅವರಿಗೆ ದೈವ; ಊರಿನಲ್ಲಿ ವರ್ಷವರ್ಷವೂ ಅದಕ್ಕೆ ಕೋಲ ಕೊಡಿಸುವ ಮನೆಯವರು ಅವರು. ಚಿತ್ರವನ್ನು ತಾವೇ ಕಿತ್ತು ಮಡಚಿಕೊಂಡರು.

“ದೈವವನ್ನು ತಮಾಷೆ ಮಾಡಿದ್ರೆ ನಮ್ಮ ಹೊಟ್ಟೆ ಉರಿಯುದಿಲ್ವಾ ಟೀಚರೇ? ಸೋಮವಾರ ಪ್ರಾರ್ಥನೆ ಹೊತ್ತಿಗೆ ಅವಳು ಎಲ್ಲರೆದುರು ಕೈ ಮುಗಿದು ತಪ್ಪಾಯ್ತು ಹೇಳ್ಬೇಕು. ಅಪ್ಪನನ್ನು ನಾಳೆ ಕರೆಸಿ.”

ನಾನು ಸುಮ್ಮನಿದ್ದೆ. ಈ ಮಾತನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ. ಏಳನೆಯ ತರಗತಿಯ ಹುಡುಗರ ಮೇಲೆ ಕೂಗಾಡುವ ನನ್ನ ಬಾಯಿಗೆ ಆ ಹೊತ್ತಿನಲ್ಲಿ ಏನಾಗಿತ್ತೋ ಕಾಣೆ. ಸಂಜೆ ಶಾಲೆ ಬಿಟ್ಟಾಗ ಶ್ರದ್ಧಾ ಮೆಟ್ಟಿಲ ಹತ್ತಿರ ಕಾದು ನಿಂತಿದ್ದಳು. ಸುದ್ದಿ ಅವಳನ್ನು ಮುಟ್ಟಿತ್ತು. ತಾನು ತಮಾಷೆ ಮಾಡಲಿಲ್ಲ, ಬೋರ್ಡಿನಲ್ಲಿ ಇದ್ದದ್ದನ್ನೇ ಬಿಡಿಸಿದೆ ಎಂದು ಹಿಂದಿಯಲ್ಲಿ ಹೇಳಿದಳು. ಎಲ್ಲರ ಮುಂದೆ ನಿಲ್ಲಿಸಿದರೆ ಈ ಶಾಲೆಗೆ ಬರುವುದೇ ಇಲ್ಲ, ಕಾಮೋಠೆಯಲ್ಲಿ ಅತ್ತೆ ಇದ್ದಾರೆ, ಅಲ್ಲಿನ ಇಂಗ್ಲಿಷ್ ಶಾಲೆಗೆ ಹೋಗುತ್ತೇನೆ ಎಂದಳು. ಅಳಲಿಲ್ಲ. ಅತ್ತಿದ್ದರೆ ಸಮಾಧಾನವನ್ನಾದರೂ ಮಾಡಬಹುದಿತ್ತು.

ಶನಿವಾರ ಮಧ್ಯಾಹ್ನ ಊಟದ ಗಿರಾಕಿಗಳನ್ನು ಮುಗಿಸಿಕೊಂಡು ಜಯೇಶ್ ಸ್ಲೋ ಲೋಕಲ್ ರೈಲು ಹಿಡಿದು ಬಂದರು. ಮೈಮೇಲೆ ಹೋಟೆಲಿನ ಅಂಗಿಯೇ ಇತ್ತು. ಆಫೀಸಿನಲ್ಲಿ ಯೋಗೀಶರ ಎದುರು ಕುರ್ಚಿ ಇದ್ದರೂ ಕೂರಲಿಲ್ಲ, ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ನಿಂತೇ ಇದ್ದರು. ಯೋಗೀಶ್ ಬಾಯಿ ತೆರೆಯುವ ಮೊದಲೇ, ಮಗಳು ಕೈ ಮುಗಿಯುತ್ತಾಳೆ, ತಾನೂ ಮುಗಿಯುತ್ತೇನೆ, ದೈವದ ವಿಷಯ, ಬೆಳೆಸುವುದು ಬೇಡ ಎಂದುಬಿಟ್ಟರು. ಶ್ರದ್ಧಾ ಅಪ್ಪನ ಕೈಯಿಂದ ತನ್ನ ಕೈ ಬಿಡಿಸಿಕೊಂಡಳು. ಅದು ನನ್ನ ಕಣ್ಣಿಗೆ ಬಿತ್ತು. ಇನ್ನು ಸುಮ್ಮನಿದ್ದರೆ ನಾನು ಟೀಚರೇ ಅಲ್ಲ ಅನ್ನಿಸಿತು.

“ತಪ್ಪು ನಂದೈತ್ರಿ ಸರ್,” ಎಂದೆ. “ಆ ಶಬ್ದ ಬೋರ್ಡಿನ ಮ್ಯಾಲೆ ಬರದಾಕಿ ನಾನು. ಅದು ಏನಂತ ನನಗೂ ಗೊತ್ತಿಲ್ರಿ. ಈಕಿಗೆ ಭೂತ ಅಂದ್ರ ಹಿಂದಿ ಭೂತ, ಕೋಲ ಅಂದ್ರ ಅಂಗಡ್ಯಾಗ ಸಿಗೂ ಕೋಲಾ. ನೀವು ಹೇಳ್ರಿ, ಇಬ್ಬರೂ ಕೇಳ್ತೀವಿ. ಆಮ್ಯಾಲೆ ಸೋಮವಾರ ಬೇಕಾದ್ರ ನನ್ನೂ ಆಕೀ ಜೋಡಿ ನಿಲ್ಲಸ್ರಿ.”

ಯೋಗೀಶ್ ನನ್ನನ್ನೂ ಹುಡುಗಿಯನ್ನೂ ನೋಡಿದರು. ಇಷ್ಟೂ ಗೊತ್ತಿಲ್ಲವೇ ಎಂದು ಗೊಣಗಿದರು. ಬೈಯುವ ದನಿಯಲ್ಲೇ ಹೇಳಲು ಹೊರಟರು. ದೈವ ಮೈಮೇಲೆ ಬಂದು ಕುಣಿಯುವವನಿಗೆ ತೆಂಗಿನ ಗರಿಯ ಅಲಂಕಾರ, ಮುಖಕ್ಕೆ ಹಳದಿ ಬಣ್ಣ, ಕಾಲಿಗೆ ಗಗ್ಗರ ಎಂದು. ಗಗ್ಗರ ಅವಳಿಗೆ ತಿಳಿಯಲಿಲ್ಲ. ಕಾಲ್ಗೆಜ್ಜೆ, ಘುಂಗ್ರೂ ಇದ್ದ ಹಾಗೆ, ಆದರೆ ದೊಡ್ಡದು ಎಂದು ಕೈಯಲ್ಲಿ ತೋರಿಸಿದರು. ಸದ್ದು ಹೇಗೆ ಎಂದು ಅವಳು ಕೇಳಿದಳು. ಅರವತ್ತು ದಾಟಿದ ಆ ದೊಡ್ಡ ಮನುಷ್ಯ ಕುರ್ಚಿಯಿಂದ ಎದ್ದು, ಚಪ್ಪಲಿ ಕಳಚಿ, ಬಾಯಲ್ಲೇ ಸದ್ದು ಮಾಡುತ್ತ ನಾಲ್ಕು ಹೆಜ್ಜೆ ಇಟ್ಟರು. ಯಾರೂ ನಗಲಿಲ್ಲ.

ಆಮೇಲೆ ಅವರ ದನಿ ಮೆತ್ತಗಾಯಿತು. ಏಳು ವರ್ಷದವರಿದ್ದಾಗ ಅಮ್ಮನ ಮಡಿಲಲ್ಲಿ ಕೂತು ಮೊದಲ ಸಲ ಕೋಲ ನೋಡಿದ್ದಂತೆ. ದೈವ ತಿರುಗಿ ತನ್ನ ಕಡೆಗೇ ಬಂದಾಗ ಹೆದರಿ ಚಡ್ಡಿ ಒದ್ದೆಯಾಯಿತಂತೆ. ಇದನ್ನು ಹೇಳುವಾಗ ಅವರಿಗೆ ನಮ್ಮ ನೆನಪು ಇದ್ದಂತೆ ಕಾಣಲಿಲ್ಲ.

“ಮತ್ತೆ?” ಎಂದಳು ಶ್ರದ್ಧಾ. ಅವಳು ಆ ಆಫೀಸಿನಲ್ಲಿ ಆಡಿದ ಮೊದಲ ಕನ್ನಡ ಅದು.

“ತಲೆ ಮೇಲೆ ಕೈ ಇಟ್ಟು ತುಳುವಿನಲ್ಲಿ ಹೇಳ್ತು ಮಗಾ, ‘ಪೋಡ್ಯೊಡ್ಚಿ, ಯಾನ್ ಉಲ್ಲೆ’ ಅಂತ. ಹೆದರ್ಬೇಡ, ನಾನಿದ್ದೇನೆ.” ಯೋಗೀಶ್ ಕನ್ನಡಕ ತೆಗೆದರು. “ಆ ವರ್ಷ ನಮ್ಮ ಅಪ್ಪ ತೀರಿ ಹೋಗಿದ್ರು.”

ಯೋಗೀಶ್ ಜೇಬಿನಿಂದ ಮಡಚಿದ ಚಿತ್ರ ತೆಗೆದು, ಮೇಜಿನ ಮೇಲಿಟ್ಟು, ಅಂಗೈಯಿಂದ ಮಡಿಕೆ ಸರಿಮಾಡಲು ನೋಡಿದರು. ಇನ್ನೊಂದು ಬಿಡಿಸುತ್ತೀಯಾ, ನನ್ನ ಹತ್ತಿರ ಫೋಟೋಗಳಿವೆ, ಕೊಡುತ್ತೇನೆ ಎಂದರು. ಸೋಮವಾರ ಯಾರೂ ನಿಲ್ಲುವುದು ಬೇಡ ಎಂದೂ ಹೇಳಿದರು. ಆದರೆ ಹುಡುಗಿಯ ಮುಖ ಅರಳಲಿಲ್ಲ. ಅವಳು ಬೇರೇನೋ ಯೋಚಿಸುತ್ತಿದ್ದಳು.

“ಉಸಕೋ ಸಿರ್ಫ್ ತುಳು ಆತೀ ಹೈ ನಾ?” ದೈವಕ್ಕೆ ತುಳು ಮಾತ್ರ ಬರುವುದಲ್ಲವೇ ಎಂದು ಯೋಗೀಶರನ್ನು ಕೇಳಿದಳು. “ನನಗೆ ತುಳು ಬರಲ್ಲ. ಅದು ನನಗೆ ಏನಾದ್ರೂ ಹೇಳಿದ್ರೆ ಸಮಝ್ ಮೇ ಕೈಸೇ ಆಯೇಗಾ? ಹೇಗೆ ಗೊತ್ತಾಗತ್ತೆ?”

ಯೋಗೀಶ್ ಕನ್ನಡಕ ಮತ್ತೆ ಹಾಕಿಕೊಂಡು ಜಯೇಶರ ಕಡೆ ತಿರುಗಿದರು. ಜಯೇಶ್ ಅಷ್ಟು ಹೊತ್ತೂ ನೆಲ ನೋಡುತ್ತ ನಿಂತಿದ್ದವರು. ಮನೆಯಲ್ಲಿ ಮಗಳ ಜೊತೆ ತುಳು ಬಿಟ್ಟು ಹಿಂದಿಯಲ್ಲೇ ಮಾತಾಡುತ್ತೇನೆ, ಈ ಊರಿನಲ್ಲಿ ಹಿಂದೆ ಬೀಳಬಾರದು ನೋಡಿ ಎಂದು ಪಾಲಕರ ಸಭೆಯಲ್ಲಿ ನನಗೇ ಹೇಳಿದ್ದ ಮನುಷ್ಯ. ಈಗ ಮಗಳ ಎತ್ತರಕ್ಕೆ ಬಗ್ಗಿ, ಹಣೆಯ ಕೂದಲು ಸರಿಸಿದರು.

“ಯಾನ್ ಉಲ್ಲೆ ಅತ್ತಾ,” ಎಂದರು.

ನಾನಿದ್ದೇನಲ್ಲ ಎಂದು ಅರ್ಥ. ಅದನ್ನು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.