ಗೂಲೆ ಎಸೆದ ತಲೆವಸ್ತ್ರ

"ಏ ಸೋಸಿನ್, ಕತ್ತಿಗೆ ಹುಟ್ಟಿದಾಕಿ! ಹತ್ತಿ ಬಿಡಸಾಕತ್ತೀಯೋ, ಹೇನು ಹೆಕ್ಕಾಕತ್ತೀಯೋ? ಶುಕ್ರವಾರ ಧಣಿ ಹಾಸಿಗಿ ಏರಾಕಿ ಅಂತ ಈಗ್ಲೇ ಸೊಕ್ಕು ಬಂತೇನು?"

ಮೇಸ್ತ್ರಿ ಹಸ್ಕೋ ಬದುವಿನ ಮೇಲೆ ನಿಂತು ಸೂರ್ಯಕಾಂತಿ ಬೀಜದ ಸಿಪ್ಪೆ ಉಗುಳುತ್ತಿದ್ದ. ಸೋಸಿನ್ ತಲೆ ಎತ್ತಲಿಲ್ಲ. ಅವಳಿಗೆ ಹತ್ತೊಂಬತ್ತು, ಹೊಲದ ಧಣಿ ತೆಮೋ ಆಘಾನಿಗೆ ಅರವತ್ತೆರಡು, ಮನೆಯಲ್ಲಿ ಇಬ್ಬರು ಹೆಂಡಿರು. ಗೇಣಿ ಹೊಲ ತಪ್ಪಿಹೋದೀತೆಂದು ಚಿಕ್ಕಪ್ಪ ಮಾತು ಕೊಟ್ಟು ಬಂದಿದ್ದ. ಪಕ್ಕದ ಸಾಲಿನಲ್ಲೇ ಹತ್ತಿ ಬಿಡಿಸುತ್ತಿದ್ದ ಅವಳ ಅವ್ವ ಗೂಲೆಯನ್ನು ಯಾರೂ ಕೇಳಿರಲಿಲ್ಲ. ಗಂಡ ಸತ್ತವಳನ್ನು ಕೇಳುವವರಾದರೂ ಯಾರು?

ಅಷ್ಟರಲ್ಲಿ ಕಾಲುವೆ ದಾರಿಯಲ್ಲಿ ಧೂಳೆದ್ದಿತು. ಪಿಕಪ್ ಗಾಡಿಯೊಂದು ಕುಂಟುತ್ತಾ ಬಂದು ನೀರಿನ ಟ್ಯಾಂಕಿನ ಹತ್ತಿರ ನಿಂತಿತು. ಹೆಣ್ಣುಪಡೆಯ ಐದು ಜನ ಬಂದೂಕು ಸಮೇತ ಜಿಗಿದರು. ಮೈತುಂಬ ಮಣ್ಣು, ಕೊರಳಲ್ಲಿ ಹೂವಿನ ವಸ್ತ್ರ, ಬಾಯ್ತುಂಬ ನಗು. ಕರಿ ಬಾವುಟದ ಉಗ್ರರ ಜೊತೆ ಮೂರು ದಿನ ಬಡಿದಾಡಿ ಬಂದವರು ಅಂದರೆ ಯಾರು ನಂಬಬೇಕು!

"ನಾವು ಐದೂ ಮಂದಿ ನಾಲಿಗಿ ಹೊರಳಿಸಿ 'ಲಿಲಿಲಿ' ಅಂತ ಕೂಗಿದ್ವಿ ನೋಡವ್ವಾ," ಅಂದಳು ಅವರ ಮುಖ್ಯಸ್ಥೆ ಖೆಜಾಲ್, ರೊಟ್ಟಿಗೆ ಟೊಮೆಟೊ ಸುತ್ತುತ್ತಾ. "ಹೆಂಗಸರು ಬಂದ್ರು, ಇವರ ಕೈಯಾಗ ಸತ್ರ ಸ್ವರ್ಗ ಇಲ್ಲ ಅಂತ ಒಲಿ ಮ್ಯಾಲಿನ ಚಹಾ ಬಿಟ್ಟು ಓಡಿದ್ರು. ನಾವs ಕುಡದ್ವಿ. ಸಕ್ಕರಿ ಕಡಿಮಿ ಇತ್ತು ಭಾಡ್ಯಾಗೋಳದು!"

ಕೂಲಿ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸೋಸಿನ್‌ಗೆ ನಗುತ್ತಾ ನಗುತ್ತಾ ತಲೆ ತಿರುಗಿತು. ಏನಾಯಿತೋ ಏನೋ, ಸೊಂಟದ ಹತ್ತಿಚೀಲ ಬಿಚ್ಚಿ ನೆಲಕ್ಕೆ ಬಿಟ್ಟಳು.

"ಅಕ್ಕಾ, ನಾನೂ ಬರ್ತೀನಿ. ಶುಕ್ರವಾರ ಆ ಮುದುಕ ಧಣಿಗೆ ಕೊಡ್ತಾರ ನನ್ನ."

"ಮದುವಿ ಬ್ಯಾಡಂತೋ, ಬಂದೂಕು ಬೇಕಂತೋ?"

"ಎರಡೂ!"

ಹಸ್ಕೋ ಆಗಲೇ ಫೋನ್ ಹಚ್ಚಿದ್ದ. ಆಘಾನ ಕಾರು ಬಂದು ಮುಂದಿನ ದಾರಿಗೆ ಅಡ್ಡ ನಿಂತಿತು. ನಾಲ್ಕು ಜನ ಬಂದೂಕಿನವರು ಮುಂದೆ, ಬಣ್ಣ ಹಚ್ಚಿದ ಮೀಸೆಯ ಆಘಾ ಹಿಂದೆ.

"ಬಂದೂಕು ಹಿಡದ್ರ ಮೀಸಿ ಮೂಡೂದಿಲ್ಲ, ರಂಡೇರಾ! ನನ್ನ ಹೊಲದಾಗ ಹುಟ್ಟಿದ ಕರಾನೂ ನಂದs, ಹುಡುಗೀನೂ ನಂದs. ಬಿಟ್ಟು ನಡೀರಿ!"

"ಹುಡುಗೀಗೆ ಬಾಯಿ ಐತಿ, ಆಕೀನ ಕೇಳು," ಅಂದಳು ಖೆಜಾಲ್. ಬಾಯಲ್ಲಿ ಇನ್ನೂ ರೊಟ್ಟಿ ಇತ್ತು.

ಎರಡೂ ಕಡೆ ಬಂದೂಕು ಎದ್ದವು. ಖಟ್ ಖಟ್ ಅಂತ ಸದ್ದು. ಈ ಹೆಂಗಸರು ಬಗ್ಗುವವರಲ್ಲ ಎಂದು ಆಘಾನಿಗೆ ಹೊಳೆಯಿತು. ಅವನೇನು ದಡ್ಡನೇ? ಗೂಲೆಯ ಕಡೆ ತಿರುಗಿದ.

"ಏನ್ ನೋಡ್ಕೋತ ನಿಂತಿಯಲೇ ಮುದುಕಿ? ತಲಿ ವಸ್ತ್ರ ತಗದು ನಡುವ ಒಗಿ!"

ಆ ಸೀಮೆಯಲ್ಲಿ ಅದಕ್ಕೆ ಎದುರಾಡುವವರಿಲ್ಲ. ಬಂದೂಕುಗಳ ನಡುವೆ ತಾಯಿಯೊಬ್ಬಳು ತನ್ನ ಬಿಳಿ ತಲೆವಸ್ತ್ರ ಎಸೆದಳೆಂದರೆ ಜಗಳ ಅಲ್ಲಿಗೇ ಮುಗಿಯಿತು. ಅದನ್ನು ದಾಟಿದ ಗಂಡಸಿನ ಮನೆಗೆ ಏಳು ತಲೆಮಾರು ಯಾರೂ ಹೆಣ್ಣು ಕೊಡುವುದಿಲ್ಲ. ಈ ಬಂದೂಕಿನ ಹೆಂಗಸರು ಗಾಡಿ ಹತ್ತುತ್ತಾರೆ, ಹುಡುಗಿ ಮನೆಗೆ ಬರುತ್ತಾಳೆ. ಆಘಾನ ಲೆಕ್ಕ ಇಷ್ಟೇ.

ಗೂಲೆ ಗಂಟು ಬಿಚ್ಚತೊಡಗಿದಳು. ಸೋಸಿನ್ ಚೀರಿದಳು. "ಯವ್ವಾ, ಬ್ಯಾಡs... ನಿನ್ನ ಕಾಲಿಗೆ ಬೀಳ್ತೀನಿ..."

"ಬಾಯಿ ಮುಚ್ಚು, ಮಾನಗೇಡಿ!" ಗೂಲೆ ಬಂದವಳೇ ಮಗಳ ಬೆನ್ನಿಗೊಂದು ಗುದ್ದಿದಳು. ಮತ್ತೊಂದು ಗುದ್ದಿದಳು. ಗುದ್ದುತ್ತಾ ಗುದ್ದುತ್ತಾ ಅವಳನ್ನು ಪಿಕಪ್ಪಿನ ತನಕ ನೂಕಿದಳು. ಆಮೇಲೆ ತಿರುಗಿ ಆಘಾನ ಆಳುಗಳ ಹತ್ತಿರ ಹೋಗಿ, ಅವರ ಬೂಟಿನ ಮುಂದೆಯೇ ವಸ್ತ್ರ ಎಸೆದಳು.

ಬಂದೂಕು ಇಳಿದವು. ಆಘಾ ಮೀಸೆ ನೀವಿಕೊಂಡ. "ಮುಗೀತು. ಹಸ್ಕೋ, ಆ ಹುಡುಗೀನ ಎಳಕೊಂಡು ಬಾ."

ಹಸ್ಕೋ ಒಂದು ಹೆಜ್ಜೆ ಇಟ್ಟು ನಿಂತ. ವಸ್ತ್ರ ನೋಡಿದ, ಹುಡುಗಿಯನ್ನು ನೋಡಿದ. "ಧಣಿ... ಆಕಿ ಆಚೀ ಕಡೆ ಅದಾಳ್ರೀ."

ಖೆಜಾಲ್ ರೊಟ್ಟಿ ನೆತ್ತಿಗೇರಿ ಕೆಮ್ಮಿದಳು. ಹಸ್ಕೋ ಪಕ್ಕದಿಂದ ಸುತ್ತಿ ಬರಲು ಹೊರಟ. ಅಲ್ಲಿ ಹಲ್ಲಿಲ್ಲದ ಜರೀಫೆ ಮುದುಕಿಯ ವಸ್ತ್ರ ಬಂದು ಬಿತ್ತು. ಇನ್ನೊಂದು ಪಕ್ಕಕ್ಕೆ ತಿರುಗಿದ, ಅಲ್ಲಿ ಇನ್ನೊಬ್ಬಳದು. ನೋಡನೋಡುತ್ತಿದ್ದಂತೆ ಕಾಲುವೆಯಿಂದ ಹತ್ತಿ ಸಾಲಿನವರೆಗೆ ಹನ್ನೆರಡು ವಸ್ತ್ರ! ಬರಿತಲೆಯ ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು. ಸೋಸಿನ್‌ಗೆ ನಗು ಹೆಚ್ಚಾಗಿ ಬಿಕ್ಕಳಿಕೆ ಹತ್ತಿತು.

ಆಘಾ ತಾನೇ ಕಾಲೆತ್ತಿದ.

"ಇಡ್ರಿ ಧಣಿ, ಇಡ್ರಿ," ಅಂದಳು ಗೂಲೆ. "ನಿಮ್ಮ ಮನ್ಯಾಗ ಐದು ಗಂಡುಮಕ್ಕಳು ಮದುವಿಗೆ ಕುಂತಾವು. ಇಟ್ಟು ನೋಡ್ರಿ."

ಅವನ ಆಳುಗಳೇ ಎರಡು ಹೆಜ್ಜೆ ಹಿಂದೆ ಸರಿದರು. ಎತ್ತಿದ ಕಾಲು ಹಾಗೇ ಹಿಂದಕ್ಕೆ ಬಂತು.

"ಸಂಜೀ ಒಳಗ ನಿನ್ನ ಗುಡಸಲಾ ಸುಡ್ತೀನಿ!"

"ಸುಡ್ರಿ. ಕಟ್ಟಿದಾಕಿ ನಾನs."

ಗೂಲೆ ಲಂಗ ಮೇಲೆತ್ತಿ, ತನ್ನ ವಸ್ತ್ರವನ್ನು ತಾನೇ ದಾಟಿ, ಪಿಕಪ್ ಹತ್ತಿ ಕುಳಿತಳು. ದಾಟಬಾರದೆಂಬ ಕಟ್ಟಳೆ ಗಂಡಸರಿಗೆ ಮಾತ್ರ ಇದ್ದದ್ದು.

"ವಯಸ್ಸೆಷ್ಟವ್ವಾ?" ಅಂದಳು ಖೆಜಾಲ್.

"ಐವತ್ತು ದಾಟೇತಿ. ಹದಿಮೂರಕ್ಕ ನಮ್ಮಣ್ಣಗ ಹೆಣ್ಣು ತರಾಕ ನನ್ನ ಬದಲಿ ಕೊಟ್ರು. ಕಣ್ಣು ನೆಟ್ಟಗದಾವು, ಕೈ ನಡಗೂದಿಲ್ಲ. ಬಂದೂಕು ಎಲ್ಲೈತಿ?"

"ಮೊದಲು ಉಳ್ಳಾಗಡ್ಡಿ ಹೆಚ್ಚಬೇಕು."

"ಅದನ್ನ ನೀನು ಹೆಚ್ಚು!"

ಗಾಡಿ ತಿರುಗಿಸಿಕೊಂಡು ಬಂದ ದಾರಿಯಲ್ಲೇ ಹೊರಟಿತು. ಜರೀಫೆಗೂ ಉಳಿದವರಿಗೂ ಜಾಗವಿರಲಿಲ್ಲ. ಸೋಸಿನ್ ತಿರುಗಿ ನೋಡಿದಳು. ಆ ಕಡೆ ನಾಲ್ಕು ಬಂದೂಕು, ಈ ಕಡೆ ಬರಿತಲೆಯ ಹನ್ನೊಂದು ಹೆಂಗಸರು. "ಲಿಲಿಲಿ" ಅಂತ ಕೂಗಿ ಕಳಿಸುತ್ತಿದ್ದರು. ಆಘಾ ಹೋಗಿರಲಿಲ್ಲ; ವಸ್ತ್ರ ಎತ್ತಿದರೆ ಅವನಿಗೆ ದಾರಿ ಬಿಟ್ಟಂತೆ. ಕೂಗು ನಿಂತ ಮೇಲೂ ಒಬ್ಬಳಾದರೂ ತನ್ನ ವಸ್ತ್ರ ಎತ್ತಿಕೊಳ್ಳಲು ಬಗ್ಗಲಿಲ್ಲ.