ಅವ್ವನ ಪಿಚ್ಚರ್

ಮೈಸೂರಿನ ಕೆಸರೆಯ ಆ ಮನೆಯ ಹಜಾರದ ಗೋಡೆಯ ಮೇಲೆ ಮೂರು ಫೋಟೋಗಳಿದ್ದವು: ಬುದ್ಧ, ಬಾಬಾಸಾಹೇಬರು, ಆಮೇಲೆ ಚಲುವಮ್ಮನ ಅವ್ವ. ಮನೆಗೆ ಬಂದವರು ಮೊದಲಿನ ಎರಡಕ್ಕೆ ಕೈ ಮುಗಿದು, ಮೂರನೆಯದರ ಮುಂದೆ ಕೊಂಚ ತಡೆದು, ಕತ್ತು ಓರೆ ಮಾಡಿ ನೋಡುತ್ತಿದ್ದರು. ತಪ್ಪು ಅವರದಲ್ಲ. ಅದರಲ್ಲಿ ಒಂದು ಹೊಳೆದಂಡೆ ಇತ್ತು, ಕಂಕುಳಲ್ಲಿ ಕೂಸನ್ನೆತ್ತಿಕೊಂಡ ಹೆಂಗಸೊಬ್ಬಳಿದ್ದಳು, ಅವಳ ಮುಖ ಇರಬೇಕಾದ ಜಾಗದಲ್ಲಿ ರಾಗಿಹಿಟ್ಟು ಚೆಲ್ಲಿದ ಹಾಗೆ ಒಂದು ಮಸುಕು ಇತ್ತು. ಆ ಮಸುಕಿಗೇ ಚಲುವಮ್ಮ ಗಂಧದ ಹಾರ ಹಾಕಿದ್ದಳು. ಹಬ್ಬ ಹುಣ್ಣಿಮೆಗೆ ಅದರ ಮೇಲೆ ಮಲ್ಲಿಗೆಯೂ ಏರುತ್ತಿತ್ತು. "ಆ ಕೂಸು ನಾನೇ" ಎಂದು ಹೇಳುವಾಗ ಸರ್ಕಾರಿ ಶಾಲೆಯ ಈ ಹೆಡ್‌ಮೇಡಮ್ಮಿನ ದನಿ ಒಂದನೇ ಕ್ಲಾಸಿನ ಹುಡುಗಿಯ ದನಿಯಾಗಿಬಿಡುತ್ತಿತ್ತು.

ಅವ್ವ ಸಿದ್ದಮ್ಮ ವಾಂತಿಭೇದಿಯಲ್ಲಿ ತೀರಿಕೊಂಡಾಗ ಚಲುವಮ್ಮ ಇನ್ನೂ ಅಂಬೆಗಾಲಿಡುವ ಮಗು. ಸಾಕಿದವಳು ಅವ್ವನ ಅಕ್ಕ ಪುಟ್ಟಮಾದಮ್ಮ. ಅವಳಿಗೆ ತನ್ನವು ಅಂತ ಮಕ್ಕಳಿರಲಿಲ್ಲ. ಕಂಡವರ ಗದ್ದೆಯಲ್ಲಿ ನಾಟಿ ಹಾಕಿ, ಕಳೆ ಕಿತ್ತು, ತಂಗಿಯ ಮಗಳನ್ನು ಮೈಸೂರಿನ ಹಾಸ್ಟೆಲಿಗೆ ಸೇರಿಸಿ ಟೀಚರ್ ಮಾಡಿದಳು. ಆದರೆ ಒಂದು ದಿನಕ್ಕೂ ಅವ್ವ ಅನ್ನಿಸಿಕೊಳ್ಳಲಿಲ್ಲ. ಮಗು ಹಾಗೆ ಕರೆಯಲು ಬಂದರೆ ತಾನೇ ತಿದ್ದುತ್ತಿದ್ದಳು. "ನಾನು ನಿನ್ ದೊಡ್ಡವ್ವ ಕಣವ್ವ. ನಿಮ್ಮವ್ವ ಬ್ಯಾರೆ. ಅವ್ಳು ಪಿಚ್ಚರಲ್ಲವ್ಳೆ."

ಅದು ಮಗುವನ್ನು ಸಮಾಧಾನ ಮಾಡಲು ಕಟ್ಟಿದ ಕತೆಯಲ್ಲ. ಸಿದ್ದಮ್ಮ ಸಾಯುವುದಕ್ಕೆ ಸ್ವಲ್ಪ ಮುಂಚೆ ಫ್ರಾನ್ಸಿನವರು ಅವರ ಊರಿನ ಹೊಳೆದಂಡೆಯಲ್ಲಿ ಸಿನಿಮಾ ತೆಗೆದಿದ್ದರು. ಕೇರಿಯ ಹೆಂಗಸರನ್ನೆಲ್ಲ ಹುಲ್ಲಿನ ಹೊರೆ ಹೊರಿಸಿ ಸಾಲಾಗಿ ನಡೆಸಿದ್ದರು. ಕ್ಯಾಮೆರಾ ಕಡೆ ನೋಡಿದವರಿಗೆ ಕೂಲಿ ಇಲ್ಲ ಎಂದು ಮೊದಲೇ ಸಾರಿದ್ದರು. "ನಂಗ್ ತಡ್ಕಳಕ್ಕಾಗ್ದೆ ನೋಡ್ಬುಟ್ಟೆ" ಎಂದು ದೊಡ್ಡವ್ವ ಪ್ರತಿ ಸಲವೂ ನಗುತ್ತಿದ್ದಳು. "ಆ ಕೆಂಪು ಮೂತಿಯವ್ನು ಬಾಯಿ ಬಡ್ಕಂಡ. ಎಲ್ರೂನೂ ವಾಪಸ್ ನಡ್ಸಿ ಇನ್ನೊಂದ್ ಸತಿ ತೆಗ್ದ. ನಿಮ್ಮವ್ವ ಮಾತ್ರ ಹೇಳ್ದಂಗೆ ಕೇಳ್ದೋಳು. ತಲೆ ಎತ್ನಿಲ್ಲ."

ಸಿದ್ದಮ್ಮನ ಒಂದು ಫೋಟೋ ಕೂಡ ಇರಲಿಲ್ಲ. ಆ ಕೇರಿಯಲ್ಲಿ ಆಗ ಫೋಟೋ ತೆಗೆಸಿಕೊಳ್ಳುವಷ್ಟು ಪುರುಸೊತ್ತು ಯಾರಿಗಿತ್ತು? ಸಿನಿಮಾ ಹೊರದೇಶದಲ್ಲಿ ದೊಡ್ಡ ಹೆಸರು ಮಾಡಿತಂತೆ, ಆಮೇಲೆ ಯಾವುದೋ ವ್ಯಾಜ್ಯಕ್ಕೆ ಸಿಕ್ಕಿ ಪೆಟ್ಟಿಗೆ ಸೇರಿತಂತೆ. ಅದರ ಹೆಸರು ಹೇಳಲು ಮನೆಯಲ್ಲಿ ಯಾರ ನಾಲಿಗೆಯೂ ಹೊರಳುತ್ತಿರಲಿಲ್ಲ. ಎಲ್ಲರಿಗೂ ಅದು ಅವ್ವನ ಪಿಚ್ಚರ್.

ನಾಲ್ಕು ವರ್ಷದ ಹಿಂದೆ ಚಲುವಮ್ಮನ ಮಗಳು ಕೀರ್ತಿ ಇಂಟರ್‌ನೆಟ್ಟಿನಲ್ಲಿ ಎಲ್ಲೋ ತಡಕಾಡಿ ಆ ಹೊಳೆದಂಡೆಯ ತುಣುಕನ್ನು ಹಿಡಿದು ತಂದಳು. ಹಳೆಯ ಟೀವಿಯಿಂದ ಯಾರೋ ಇಳಿಸಿಕೊಂಡದ್ದು. ಇರುವೆ ಸಾಲಿನಂತೆ ಹೆಂಗಸರು ಕಾಣುತ್ತಿದ್ದರು, ಅಷ್ಟೆ. ಒಬ್ಬಳ ಕಂಕುಳಲ್ಲಿ ಮಾತ್ರ ಕೂಸಿತ್ತು. ಆ ಜಾಗದಲ್ಲಿ ನಿಲ್ಲಿಸಿ, ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿ, ದೊಡ್ಡವ್ವನ ಕೈಗೆ ಕೊಟ್ಟರು. ಆಗಲೇ ಅವಳ ಕಣ್ಣು ಮಂಜಾಗಿತ್ತು. ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದಳು.

"ಕಂಕುಳಲ್ಲಿ ಕೂಸು ಅದಾ?"

"ಅದೆ ದೊಡ್ಡವ್ವ."

"ಹಂಗಾರೆ ನಿಮ್ಮವ್ವನೇ ಬುಡು."

ಅವತ್ತೇ ಮೊಳೆ ಹೊಡೆದು ತೂಗು ಹಾಕಿದರು. ದೊಡ್ಡವ್ವ ಬೆಳಿಗ್ಗೆ ಎದ್ದವಳೇ ಗೋಡೆ ತಡವಿಕೊಂಡು ಬಂದು ತಂಗಿಗೆ ಕೈ ಮುಗಿಯುವುದು ರೂಢಿಯಾಯಿತು.

ಹಾಗೇ ಇದ್ದಿದ್ದರೆ ಚಲುವಮ್ಮನ ನೆಮ್ಮದಿಗೆ ಏನೂ ಆಗುತ್ತಿರಲಿಲ್ಲ. ಆದರೆ ಒಂದು ಸಂಜೆ ಕೀರ್ತಿ ಫೋನು ಹಿಡಿದು ಓಡಿ ಬಂದಳು. ವ್ಯಾಜ್ಯ ಮುಗಿದು, ಮೂಲ ನೆಗೆಟಿವ್ ತೊಳೆದು ಸರಿಮಾಡಿ, ಆ ಸಿನಿಮಾವನ್ನು ಬ್ಲೂರೇ ಡಿಸ್ಕಿನಲ್ಲಿ ತರುತ್ತಾರಂತೆ. ಅಷ್ಟೇ ಅಲ್ಲ, ಸಿನಿಮಾದಲ್ಲಿ ಬಳಸದೆ ಬಿಟ್ಟ ತುಣುಕುಗಳನ್ನೂ, ಅಲ್ಲೇ ಹಿಡಿದ ಸದ್ದಿನ ಸಮೇತ, ಜೊತೆಗೆ ಹಾಕುತ್ತಾರಂತೆ. "ಒಂದೊಂದು ಮುಖಾನೂ ಕಾಣತ್ತಮ್ಮ, ಕೂದಲೆಳೆ ಸಮೇತ" ಎಂದಳು. ಚಲುವಮ್ಮ ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಡಿಸ್ಕು ಬರುವುದು ಮುಂದಿನ ವರ್ಷದ ಮಾರ್ಚಿಯಲ್ಲಿ.

ಅದೇ ವಾರ ಕಣ್ಣಿನ ಡಾಕ್ಟರು ದೊಡ್ಡವ್ವನಿಗೆ ಗ್ಲಾಕೋಮಾ ಎಂದರು. ನರ ಒಣಗುತ್ತಿದೆ, ಹೋದ ನೋಟ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳೋಣ, ಹನಿ ತಪ್ಪಿಸಬೇಡಿ ಎಂದರು. ಮುಖ ಎಷ್ಟು ಸ್ಪಷ್ಟವಾಗಿ ಬಂದರೇನು, ಅದು ಸಿದ್ದಮ್ಮನ ಮುಖ ಹೌದು ಎಂದು ಹೇಳಬಲ್ಲ ಜೀವ ಈ ಭೂಮಿಯ ಮೇಲೆ ಉಳಿದಿದ್ದದ್ದು ಒಂದೇ.

ಅಲ್ಲಿಂದ ಶುರುವಾಯಿತು ನೋಡಿ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ಅನ್ನುತ್ತಾರಲ್ಲ, ಈ ಮನೆಯಲ್ಲಿ ಕಾಯುತ್ತಿದ್ದವಳು ಒಬ್ಬಳು, ಕಣ್ಣಿಗೆ ಬಿಡಿಸಿಕೊಳ್ಳುತ್ತಿದ್ದವಳು ಇನ್ನೊಬ್ಬಳು. ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಚಲುವಮ್ಮ ದೊಡ್ಡವ್ವನ ಗಲ್ಲ ಎತ್ತಿ, ಬೆರಳಲ್ಲಿ ರೆಪ್ಪೆ ಬಿಡಿಸಿ, ಹನಿ ಹಾಕುತ್ತಿದ್ದಳು. ದೊಡ್ಡವ್ವ ಸಣ್ಣವಳಿದ್ದಾಗ ಎಮ್ಮೆ ಕೊಂಬು ತಾಗಿ ಅವಳ ಎಡಹುಬ್ಬು ನಡುವೆ ಸೀಳಿ ಎರಡಾಗಿತ್ತು. ಆ ಸೀಳಿನ ಕೆಳಗೆ ಹೆಬ್ಬೆರಳು ಒತ್ತಿದರೆ ರೆಪ್ಪೆ ಸಲೀಸಾಗಿ ತೆರೆಯುತ್ತಿತ್ತು. ಹನಿ ಕೆನ್ನೆಗೆ ಜಾರಿದರೆ ಗದರುತ್ತಿದ್ದಳು. ಆಮೇಲೆ ಕ್ಯಾಲೆಂಡರನ್ನು ತೋರಿಸಿ, "ಇವತ್ತು ಯಾವ ಅಂಕಿ ಕಾಣ್ತದೆ?" ಎಂದು ಪರೀಕ್ಷೆ. ದೊಡ್ಡವ್ವ ಪಾಪ, ಹೆದರಿಕೊಂಡು ಒಂದೊಂದು ದಿನ ಊಹೆ ಮಾಡಿ ಹೇಳುತ್ತಿದ್ದಳು.

ಮಾರ್ಚಿ ಬಂತು, ಡಿಸ್ಕು ಬರಲಿಲ್ಲ. ಸೆಪ್ಟೆಂಬರಿಗೆ ಮುಂದೂಡಿದ್ದೇವೆ ಎಂದರು ಅದನ್ನು ತರುವ ಕಂಪನಿಯವರು. ಸೆಪ್ಟೆಂಬರಿನಲ್ಲಿ, ಬಣ್ಣ ಇನ್ನೂ ಸರಿಹೋಗಿಲ್ಲ, ಮುಂದಿನ ವರ್ಷ ಎಂದರು. ಕಲಾಕೃತಿಗೆ ಅವಸರ ಸಲ್ಲದಂತೆ. ಅವರಿಗೇನು, ಐವತ್ತು ವರ್ಷ ಕಾದವರು ಇನ್ನೊಂದು ವರ್ಷ ಕಾಯಲಾರರೇ ಎಂದುಕೊಂಡಿರಬೇಕು. ಚಲುವಮ್ಮ ಗೊತ್ತಿದ್ದ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿ ಆ ಕಂಪನಿಗೆ ಬರೆದಳು: ನಮ್ಮ ಮನೆಯಲ್ಲಿ ಒಬ್ಬರ ಕಣ್ಣು ಹೋಗುತ್ತಿದೆ, ಒಂದೇ ಒಂದು ದೃಶ್ಯ ಮೊದಲು ಕಳಿಸಿ ಎಂದು. ತಮ್ಮ ಆಸಕ್ತಿಗೆ ಧನ್ಯವಾದ ಎಂದು ಉತ್ತರ ಬಂತು. ಅದನ್ನೋದಿ ಹೊಟ್ಟೆ ಉರಿದು, ಅವತ್ತು ಹನಿ ಹಾಕುವಾಗ ರೆಪ್ಪೆಯನ್ನು ಸ್ವಲ್ಪ ಜೋರಾಗಿಯೇ ಎಳೆದಳು. ದೊಡ್ಡವ್ವ "ಹಾ" ಎಂದಳು.

ಗಂಡ ಗುರುಸಿದ್ದಯ್ಯ ಬಸ್ಸು ಓಡಿಸಿ ನಿವೃತ್ತಿಯಾದವನು, ಮಾತು ಕಮ್ಮಿ. ಅವತ್ತು ಪೇಪರ್ ಕೆಳಗಿಟ್ಟು, "ನಿಂಗೆ ದೊಡ್ಡವ್ವ ಬೇಕಾ, ಅವ್ರ ಕಣ್ಣು ಬೇಕಾ?" ಎಂದು ಕೇಳಿದ.

"ಎರಡೂ ಬೇಕು" ಎಂದು ಸಿಡುಕಿದಳು. ಆದರೆ ಮಾತು ಎದೆಯಲ್ಲಿ ಮುಳ್ಳಾಡಿತು. ಶಾಲೆಯಲ್ಲಿ ಮಕ್ಕಳು ಪ್ರಾರ್ಥನೆ ಹೇಳುವಾಗಲೂ ಆಡುತ್ತಿತ್ತು.

ದೀಪಾವಳಿಯ ಹೊತ್ತಿಗೆ ದೊಡ್ಡವ್ವನಿಗೆ ಅಂಕಿ ಕಾಣದಾಯಿತು. ಸಂಕ್ರಾಂತಿಗೆ ಕ್ಯಾಲೆಂಡರೇ ಕಾಣದಾಯಿತು. ಆಮೇಲೆ ಕಿಟಕಿ ಯಾವ ಕಡೆ ಇದೆ ಎನ್ನುವಷ್ಟು ಬೆಳಕು ಮಾತ್ರ ಉಳಿಯಿತು. ಆದರೂ ಗೋಡೆ ತಡವಿಕೊಂಡು ಬಂದು ಹಾರ ಮುಟ್ಟಿ ಕೈ ಮುಗಿಯುವುದನ್ನು ಬಿಡಲಿಲ್ಲ. ಚಲುವಮ್ಮ ಪರೀಕ್ಷೆ ನಿಲ್ಲಿಸಿದಳು. ಡಿಸ್ಕಿನ ಮಾತೆತ್ತುವುದನ್ನೂ ನಿಲ್ಲಿಸಿದಳು.

ಬೇಡವಾದ ಮೇಲೆ ಬಂತು ಅದು, ಚೈತ್ರದ ಬಿಸಿಲಿನಲ್ಲಿ, ಅಂಗೈಯಗಲದ ಪೆಟ್ಟಿಗೆಯಲ್ಲಿ. ಹಾಕಲು ಮನೆಯಲ್ಲಿ ಯಂತ್ರವಿಲ್ಲ. ಗುರುಸಿದ್ದಯ್ಯ ಮಂಡಿ ಮೊಹಲ್ಲಾಕ್ಕೆ ಹೋಗಿ ಒಂದು ಹಳೆಯ ಪ್ಲೇಯರ್ ಹೊತ್ತು ತಂದ. ಅದು ಡಿಸ್ಕನ್ನು ನುಂಗಿ, ಗುರಗುಟ್ಟಿ, ಹೊರಗೆ ಉಗುಳಿತು. ಯುರೋಪಿನ ಡಿಸ್ಕು ಇಲ್ಲಿನ ಯಂತ್ರದಲ್ಲಿ ಓಡುವುದಿಲ್ಲವಂತೆ. ನಮ್ಮ ಹೊಳೆ, ನಮ್ಮ ಹುಲ್ಲು, ನಮ್ಮ ಹೆಂಗಸರು, ಯಂತ್ರ ಮಾತ್ರ ಅವರದೇ ಆಗಬೇಕು. ಕೊನೆಗೆ ಕೀರ್ತಿ ತನ್ನ ಗೆಳತಿಯಿಂದ ಕಂಪ್ಯೂಟರಿನ ಡ್ರೈವ್ ತಂದು, ಟೀವಿಗೆ ಸಿಕ್ಕಿಸಿ, ಒಂದು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಎಲ್ಲ ಸರಿಮಾಡಿದಳು.

"ಈಗ್ಯಾಕೆ, ಬಿಡು" ಎಂದಳು ಚಲುವಮ್ಮ.

"ಹಾಕವ್ವ" ಎಂದಳು ದೊಡ್ಡವ್ವ ಕುರ್ಚಿಯಲ್ಲಿ ಕೂತು. "ನಂಗ್ ಕಾಣ್ದಿದ್ರೇನು, ನಿಂಗ್ ಕಾಣ್ತದಲ್ಲ."

ಸಿನಿಮಾ ಓಡಿತು. ಹೊಳೆದಂಡೆ ಬಂತು. ನೀರಿನ ಮೇಲಿನ ಬಿಸಿಲು ನಿನ್ನೆಯದೇ ಎಂಬಷ್ಟು ನಿಚ್ಚಳವಾಗಿತ್ತು. ಪಿಟೀಲಿನ ಸಂಗೀತದ ಕೆಳಗೆ ಹೆಂಗಸರು ಹೊರೆ ಹೊತ್ತು ಬಂದರು, ತಲೆ ತಗ್ಗಿಸಿದವರ ಮುಖ ಹುಲ್ಲಿನ ಮರೆಯಲ್ಲಿತ್ತು, ಕೂಸಿನವಳೂ ಬಂದಳು. ಪಕ್ಕಕ್ಕೆ ಮುಖ ಮಾಡಿ, ಹೊಳೆ ಕಡೆ ನೋಡುತ್ತ ದಾಟಿ ಹೋದಳು. ಚಲುವಮ್ಮನಿಗೆ ಎದೆ ಉಕ್ಕಿ ಬರಬೇಕಿತ್ತು. ಬರಲಿಲ್ಲ. ಆ ಮುಖವನ್ನು ಬೆಳಗಾಗೆದ್ದು ನೋಡಿದ್ದೇನೆ ಅನ್ನಿಸಿತು. ಅಕ್ಕತಂಗಿಯರಲ್ಲವೇ, ಹೋಲಿಕೆ ಇದ್ದೇ ಇರುತ್ತದೆ ಎಂದುಕೊಂಡು ಸೆರಗಿನಲ್ಲಿ ಬೆವರು ಒರೆಸಿದಳು.

"ಇನ್ನು ಬಿಟ್ಟ ತುಣುಕು ಹಾಕ್ತೀನಿ" ಎಂದಳು ಕೀರ್ತಿ.

ಈ ಸಲ ಸಂಗೀತವಿರಲಿಲ್ಲ. ಗಾಳಿಯ ಸದ್ದು, ಹೊಳೆಯ ಸದ್ದು, ಎಲ್ಲೋ ಕರು ಕೂಗಿದ್ದು. ಅದೇ ದಂಡೆ, ಅದೇ ಸಾಲು. ಮುಂದೆ ಹೊರೆ ಹೊತ್ತ ತೆಳ್ಳನೆಯವಳೊಬ್ಬಳು, ಬೆನ್ನು ಮಾತ್ರ ಕಾಣುತ್ತದೆ. ಅವಳ ಹಿಂದೆ ಕೂಸಿನವಳು. ಕೂಸಿನವಳು ನಡೆಯುತ್ತ ನಡೆಯುತ್ತ ನಿಂತಳು. ಕತ್ತು ತಿರುಗಿಸಿ ನೇರವಾಗಿ ಕ್ಯಾಮೆರಾದೊಳಗೆ ಕಣ್ಣಿಟ್ಟು ನೋಡಿ, ಹಲ್ಲು ಬಿಟ್ಟು ನಕ್ಕಳು. ಎಡಹುಬ್ಬು ನಡುವೆ ಸೀಳಿ ಎರಡಾಗಿತ್ತು. ಯಾವನೋ ಪರಭಾಷೆಯಲ್ಲಿ ಕಿರುಚಿದ. ಮುಂದಿನವಳು ತಿರುಗದೆ, ತಲೆ ಎತ್ತದೆ, ಹೊರೆಯ ಕೆಳಗಿಂದ ಕೂಗಿದಳು:

"ಅಕ್ಕಾ, ಅದ್ರ ಕಡೆ ನೋಡ್ಬಾರ್ದಂತೆ. ಬಾ."

ಚಿತ್ರ ಕಪ್ಪಾಯಿತು.

"ಸಿದ್ದೀ!" ಎಂದಳು ದೊಡ್ಡವ್ವ. ಕುರ್ಚಿಯಿಂದ ಅರ್ಧ ಎದ್ದಿದ್ದಳು. ಕೈ ಗಾಳಿಯಲ್ಲಿ ಯಾರನ್ನೋ ಹುಡುಕುತ್ತಿತ್ತು. "ಸಿದ್ದಿ ಕಣವ್ವ! ನಿಮ್ಮವ್ವ! ಅವ್ಳ್ದೇ ಗಂಟ್ಲು!"

ಕೀರ್ತಿ ಅಳುತ್ತಿದ್ದಳು. ಗುರುಸಿದ್ದಯ್ಯ ಟೀವಿ ನೋಡಿದ, ಗೋಡೆಯ ಫೋಟೋ ನೋಡಿದ, ಆಮೇಲೆ ದೊಡ್ಡವ್ವನನ್ನು ನೋಡಿ ತಲೆ ತಗ್ಗಿಸಿದ. ಬದುಕಿರುವವರ ಫೋಟೋಗೆ ಯಾರಾದರೂ ಹಾರ ಹಾಕುತ್ತಾರೆಯೇ? ಈ ಮನೆಯಲ್ಲಿ ನಾಲ್ಕು ವರ್ಷ ಹಾಕಿದ್ದರು, ಊದುಬತ್ತಿ ಹಚ್ಚಿದ್ದರು, ಮಹಾಲಯಕ್ಕೆ ಎಡೆ ಇಟ್ಟಿದ್ದರು. ಆ ಮುದುಕಿ ದಿನಾ ಬಂದು ತನಗೇ ಕೈ ಮುಗಿದು ಹೋಗಿದ್ದಳು.

ಚಲುವಮ್ಮ ಸ್ಟೂಲು ಎಳೆದುಕೊಂಡು ಹತ್ತಿದಳು. ಗಂಧದ ಹಾರ ಗೋಡೆಗೆ ಉಜ್ಜಿ ಸರಸರ ಎಂದಿತು.

"ಏನವ್ವ ಸದ್ದು?"

"ಹಾರ ತೆಗೀತಿದೀನಿ, ದೊಡ್ಡವ್ವ." ಸುಳ್ಳು ಹೇಳಬೇಕೆಂದುಕೊಂಡಳು, ಆಗಲಿಲ್ಲ. "ಇದು ಅವ್ವ ಅಲ್ಲ. ನೀನು. ಕೂಸು ನಿನ್ ಕಂಕುಳಲ್ಲಿತ್ತು."

ದೊಡ್ಡವ್ವ ತನ್ನ ಎಡಸೊಂಟವನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು.

"ಇರ್ಬೋದು. ನೀನ್ ಯಾವಾಗ ಇರ್ನಿಲ್ಲ ನನ್ ಕಂಕುಳಲ್ಲಿ?" ಎಂದಳು. ಆಮೇಲೆ ಒಮ್ಮೆಲೇ ನಗು ಬಂತು ಅವಳಿಗೆ. "ಅದ್ಕೇ ಕಣ್ರಪ್ಪ, ನಂಗೆ ಸಾವು ಬರ್ನಿಲ್ಲ. ಯಮ ಬಂದು ಗೋಡೆ ನೋಡಿ, ಇವ್ಳ್ನ ಆಗ್ಲೇ ಕರ್ಕೊಂಡೋಗಾಯ್ತು ಅಂತ ವಾಪಸ್ ಹೋಗವ್ನೆ."

ಚಲುವಮ್ಮ ಸ್ಟೂಲಿನಿಂದ ಇಳಿದು ಅವಳ ಕಾಲಬುಡದಲ್ಲಿ ಕೂತಳು. ಎರಡು ವರ್ಷ ಬೆರಳಲ್ಲಿ ಬಿಡಿಸಿ ಬಿಡಿಸಿ ನೋಡಿದ ಆ ಕಣ್ಣುಗಳು ಎತ್ತಲೋ ನೋಡುತ್ತಿದ್ದವು. ಇವಳ ಕಣ್ಣು ಸಾಕ್ಷಿ ಹೇಳಲಿ ಎಂದು ಕಾದೆನೇ ಹೊರತು ಇವಳನ್ನೇ ನೋಡಲಿಲ್ಲವಲ್ಲ ಎಂದು ಸಂಕಟವಾಯಿತು.

"ನಿಮ್ಮವ್ವನ ಮುಖ ಕಾಣ್ತಾ?" ಎಂದು ಕೇಳಿದಳು ದೊಡ್ಡವ್ವ.

"ಇಲ್ಲ. ತಿರುಗ್ಲೇ ಇಲ್ಲ."

"ತಿರುಗಕಿಲ್ಲ ಅವ್ಳು. ಹೇಳ್ದಂಗೆ ಕೇಳ್ದೋಳು." ಮುದುಕಿ ಮೊಮ್ಮಗಳ ಕಡೆ ಕೈ ಆಡಿಸಿದಳು. "ಇನ್ನೊಂದ್ ಸತಿ ಹಾಕವ್ವ ಕೀರ್ತಿ. ಮಾತಾಡ್ಲಿ."

ಕೀರ್ತಿ ಹಾಕಿದಳು. ಗಾಳಿ, ಹೊಳೆ, ಕರು. ಸೀಳುಹುಬ್ಬಿನ ಹುಡುಗಿ ಕೂಸು ಎತ್ತಿಕೊಂಡು ಚಲುವಮ್ಮನನ್ನೇ ನೋಡಿ ನಕ್ಕಳು. ಮುಂದಿನವಳು ಬೆನ್ನು ಹಾಕಿಕೊಂಡೇ ಕೂಗಿದಳು, "ಅಕ್ಕಾ, ಅದ್ರ ಕಡೆ ನೋಡ್ಬಾರ್ದಂತೆ. ಬಾ."

"ನೋಡಕಿಲ್ಲ ಕಣವ್ವ" ಎಂದಳು ದೊಡ್ಡವ್ವ ಮೆಲ್ಲಗೆ, ಟೀವಿಯ ಕಡೆ ಕತ್ತು ಚಾಚಿ. "ಬಂದೆ, ಇರು."

ಚಲುವಮ್ಮ ಗಾಬರಿಯಾಗಿ ಅವಳ ಎರಡೂ ಕೈ ಹಿಡಿದುಕೊಂಡಳು. "ಎಲ್ಲಿಗೂ ಹೋಗ್ಬೇಡ ಅವ್ವ, ಇಲ್ಲೇ ಇರು" ಎಂದಳು.

ಮುದುಕಿ ಈ ಸಲ ತಿದ್ದಲಿಲ್ಲ.