ಬೀಗರ ಕೌದಿ

ಆ ಮನೆಯಲ್ಲಿ ನಾಯಿಯನ್ನು ಏಕವಚನದಲ್ಲಿ ಕರೆಯುವ ಹಾಗಿರಲಿಲ್ಲ. ಅದು ಬಂದದ್ದೇ ಸೊಸೆಯ ತವರಿನಿಂದ. ಸೊಸೆಯ ತಂದೆಯದು ಮರದ ಸಾಮಾನಿಗೆ ಪಾಲಿಶ್ ಹಾಕುವ ಕಸುಬು. ಹೋದ ವರ್ಷ ಒಂದು ಬೆಳಿಗ್ಗೆ ಯಾರದೋ ಮನೆಯ ಬೀರು ಉಜ್ಜುತ್ತಿದ್ದವರು ಹಾಗೇ ಕುಸಿದು ಹೋಗಿಬಿಟ್ಟರು. ಒಬ್ಬಳೇ ಮಗಳು. ಅವಳಿದ್ದ ಬಾಡಿಗೆ ಫ್ಲ್ಯಾಟಿನಲ್ಲಿ ನಾಯಿ ಬೆಕ್ಕು ಸಾಕುವುದಕ್ಕೆ ಬಿಡುತ್ತಿರಲಿಲ್ಲ. ಹನ್ನೆರಡು ವರ್ಷದ ಮುದಿ ನಾಯಿಯನ್ನು ಯಾರು ನೋಡಿಕೊಳ್ಳಬೇಕು ಎಂಬ ಮಾತು ಬಂದಾಗ ಎಲ್ಲರೂ ನೆಲ ನೋಡತೊಡಗಿದರು. ಆಗ ಅತ್ತೆಯೇ ಮುಂದೆ ಬಂದು, "ನಮ್ಮನೇಲಿರಲಿ ಬಿಡು, ನಾನಿದ್ದೀನಲ್ಲ" ಎಂದಿದ್ದಳು. ಆಮೇಲೆ ನಾಯಿಯ ಗಾತ್ರ ನೋಡಿ ಅವಳ ಎದೆ ಸ್ವಲ್ಪ ಧಸಕ್ಕೆಂದದ್ದು ನಿಜ. ಆದರೆ ಆಡಿದ ಮಾತು ಆಡಿಯಾಗಿತ್ತು.

"ಬೀಗರ ಕಡೆಯಿಂದ ಬಂದೋರು, ಉಪಚಾರಕ್ಕೆ ಕಮ್ಮಿ ಆಗಬಾರದು ಕಣೇ" ಎಂದು ಅವಳ ಯಜಮಾನರು ಮುಖ ಗಂಟು ಹಾಕಿಕೊಂಡೇ ಹೇಳಿ, ಕಿಟಕಿಯ ಮೂಲೆಯಲ್ಲಿ ಚಾಪೆ ಹಾಸಿದರು. ನಾಯಿಗೆ ಅಂದಿನಿಂದ ಅದೇ ಹೆಸರಾಯಿತು. ಬೀಗರು ಎದ್ದರಾ? ಬೀಗರು ಹಾಲು ಕುಡಿದರಾ? ಬೀಗರು ಇವತ್ತು ಕುರ್ಚಿಯ ಕಾಲು ಒದ್ದೆ ಮಾಡಿದ್ದಾರೆ, ದಯವಿಟ್ಟು ಒರೆಸುವುದು. ಪಕ್ಕದ ಮನೆಯವರು ಮೊದಮೊದಲು ಇವರ ಮನೆಗೆ ಯಾರೋ ನೆಂಟರು ಬಂದು ಬೀಡುಬಿಟ್ಟಿದ್ದಾರೆ, ಪಾಪ, ಸೋಫಾ ಕುರ್ಚಿ ಹಾಳುಮಾಡುವ ಕಾಯಿಲೆ ಬೇರೆ ಇದೆ ಎಂದುಕೊಂಡಿದ್ದರಂತೆ.

ಇನ್ನು ಈ ಗಂಡ ಹೆಂಡತಿಯ ವಿಷಯ. ಹೆಂಡತಿಯನ್ನು ಎಲ್ಲರೂ ಟೇಲರಮ್ಮ ಎಂದೇ ಕರೆಯುತ್ತಿದ್ದರು. ದೊಡ್ಡಾಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಮೂವತ್ತನಾಲ್ಕು ವರ್ಷ ಹೊಲಿದವಳು. ಅಲ್ಲಿಯ ಕ್ರಮವೆಂದರೆ, ಹರಿದ ಹೊದಿಕೆ ದಿಂಬಿನ ಚೀಲವಾಗಬೇಕು, ಹರಿದ ದಿಂಬಿನ ಚೀಲ ಕೈವಸ್ತ್ರವಾಗಬೇಕು, ಕೈವಸ್ತ್ರವೂ ಹರಿದರೆ ನೆಲ ಒರೆಸುವುದಕ್ಕೆ. ಹಳೇ ಬಟ್ಟೆ ಕಣ್ಣಿಗೆ ಬಿದ್ದರೆ ಅವಳ ಕೈ ತಾನಾಗಿ ಕತ್ತರಿಯ ಕಡೆಗೆ ಹೋಗುತ್ತಿತ್ತು. ನಿವೃತ್ತಿಯಾದ ಮೇಲೆ ತುಂಡು ಬಟ್ಟೆ ಜೋಡಿಸಿ ಕೌದಿ ಹೊಲಿಯುವುದಕ್ಕೆ ಕುಳಿತಳು. ನೆಂಟರಿಷ್ಟರೆಲ್ಲ ಚೀಲಗಟ್ಟಲೆ ಹಳೇ ಬಟ್ಟೆ ತಂದು ಸುರಿಯುತ್ತಿದ್ದರು. ಯಜಮಾನರಾದರೋ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುತ್ತಾ ಕೂದಲು ಬೆಳ್ಳಗೆ ಮಾಡಿಕೊಂಡವರು. ಕಟ್ಟಿದ ಚೀಲ ಕಟ್ಟಿದ ಹಾಗೇ ಇದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಬಂದ ಬಟ್ಟೆಯನ್ನೆಲ್ಲ ಹತ್ತಿ, ಉಣ್ಣೆ, ಕೆಲಸಕ್ಕೆ ಬಾರದ್ದು ಎಂದು ಮೂರು ರಾಶಿ ಮಾಡಿ, ಗುಂಡಿಗಳನ್ನು ಬಿಚ್ಚಿ ಡಬ್ಬಿಗೆ ಹಾಕಿ, ಹತ್ತಿಯ ರಾಶಿಯನ್ನು ಹೆಂಡತಿಯ ಮೇಜಿನ ಎಡಗಡೆಗೆ ಇಡುತ್ತಿದ್ದರು. ಎಡಗಡೆ ಇದ್ದದ್ದನ್ನು ಅವಳು ಕತ್ತರಿಸುತ್ತಿದ್ದಳು. ಇಬ್ಬರ ನಡುವೆ ಮಾತೇ ಬೇಕಾಗಿರಲಿಲ್ಲ. ಒಂದು ಸಲ ಯಜಮಾನರ ಹೊಸ ಪೈಜಾಮವೇ ಹಾಗೆ ಹೋಗಿತ್ತು.

ಬೀಗರಿಗೆ ಮೊದಲ ತಿಂಗಳುಗಳು ಕಷ್ಟದವು. ಅವರ ಕಣ್ಣಿಗೆ ಪೊರೆ ಬಂದಿತ್ತು, ಹಿಂಗಾಲು ಹಿಡಿದುಕೊಳ್ಳುತ್ತಿತ್ತು. ದಿನಾ ಸಂಜೆ ಆರು ಗಂಟೆ ಎಂದರೆ ಎದ್ದು ಹೋಗಿ, ಮುಂಬಾಗಿಲ ಸಂದಿಗೆ ಮೂಗು ತಾಗಿಸಿಕೊಂಡು ಮಲಗಿಬಿಡುವರು. ಅದು ಅವರ ಹಳೆಯ ಯಜಮಾನ, ಸೊಸೆಯ ತಂದೆ, ಕೆಲಸ ಮುಗಿಸಿ ಮನೆಗೆ ಬರುತ್ತಿದ್ದ ಹೊತ್ತು. ಬ್ರೆಡ್ಡು ತೋರಿಸಿದರೂ ಅಷ್ಟೇ, ಬೆನ್ನು ಸವರಿದರೂ ಅಷ್ಟೇ. ಒಂಬತ್ತು ಹೊಡೆದ ಮೇಲೆ ಒಂದು ನಿಟ್ಟುಸಿರು ಬಿಟ್ಟು ಚಾಪೆಗೆ ಬರುವರು. ಈಗ ಮೂರು ತಿಂಗಳ ಕೆಳಗೆ ಟೇಲರಮ್ಮ, ಚಾಪೆಯ ಮೇಲೆ ಮೂಳೆ ಒತ್ತುತ್ತದೆಂದು ಒಂದು ದಪ್ಪ ಕೌದಿ ಹೊಲಿದು ಹಾಸಿದಳು. ಬೀಗರು ಅದರ ಸುತ್ತ ಮೂರು ಸುತ್ತು ಹಾಕಿ, ಮೂಸಿ, ಮಲಗಿದರು. ಅವತ್ತು ಸಂಜೆ ಬಾಗಿಲಿಗೆ ಹೋಗಲಿಲ್ಲ. ಮಾರನೆಯ ದಿನವೂ ಹೋಗಲಿಲ್ಲ.

"ನೋಡಿದ್ರಾ ನನ್ನ ಕೈಗುಣ?" ಎಂದು ಟೇಲರಮ್ಮ ಬೀಗಿದಳು.

"ಅಂತೂ ನಮ್ಮವರಾದರು" ಎಂದರು ಯಜಮಾನರು. ಇಬ್ಬರಿಗೂ ಅದೊಂದು ದೊಡ್ಡ ಸಮಾಧಾನ. ಸಾಯುವ ಕಾಲಕ್ಕಾದರೂ ಆ ಜೀವಕ್ಕೆ ಒಂದು ಮನೆ ಸಿಕ್ಕಿತಲ್ಲ ಎಂದು.

ಬುಧವಾರ ಬೆಳಿಗ್ಗೆ ಸೊಸೆಯ ಫೋನು ಬಂತು.

"ಅತ್ತೆ, ಶನಿವಾರ ಬರ್ತಿದ್ದೀವಿ. ಹೋದ ಸಲ ಬಂದಾಗ ಮಂಚದ ಪಕ್ಕ ಒಂದು ಕಂದು ಚೀಲ ಬಿಟ್ಟುಬಂದಿದ್ದೆ. ಇದೆ ತಾನೇ?"

"ಯಾವ ಚೀಲಾಮ್ಮ?"

"ಅಪ್ಪನ ಮನೆ ಖಾಲಿ ಮಾಡಿ ನೇರ ಅಲ್ಲಿಗೇ ಬಂದಿದ್ವಲ್ಲ, ಅವತ್ತು. ಅಪ್ಪನ ಕೆಲಸದ ಅಂಗಿಗಳು ಅದರಲ್ಲಿ. ಮೂರೇ ಮೂರು. ಬಸ್ ಹಿಡಿಯೋ ಗಡಿಬಿಡೀಲಿ ಮರೆತೆ. ಆಮೇಲೆ ಅನ್ನಿಸ್ತು, ನಿಮ್ಮ ಹತ್ರ ಇದ್ರೆ ನನ್ನ ಹತ್ರ ಇದ್ದಷ್ಟೇ ಭದ್ರ ಅಂತ. ಅದಕ್ಕೇ ಕೇಳಲಿಲ್ಲ. ಅಪ್ಪಂದು ಅಂತ ಉಳಿದಿರೋದು ಅಷ್ಟೇ ಅತ್ತೆ."

ಟೇಲರಮ್ಮ "ಹೂಂ" ಎಂದಳು. ಫೋನು ಇಟ್ಟು ಕಿಟಕಿಯ ಮೂಲೆಗೆ ತಿರುಗಿದಳು. ಬೀಗರು ಗೊರಕೆ ಹೊಡೆಯುತ್ತಿದ್ದರು. ಅವರ ಗಲ್ಲದ ಕೆಳಗೆ ಕಂದು ಗೆರೆಯ ತುಂಡು, ಹೊಟ್ಟೆಯ ಕೆಳಗೆ ಬೂದು ಬಣ್ಣದ್ದು, ಬಾಲದ ಹತ್ತಿರ ಮಾಸಿದ ನೀಲಿ. ಅವಳಿಗೆ ಎಲ್ಲವೂ ನೆನಪಾಯಿತು. ಇಸ್ತ್ರಿ ಹಾಕಿ ಮಡಿಸಿಟ್ಟಿದ್ದ ಬಟ್ಟೆ, ಒಗೆಯುವ ಕೆಲಸ ಉಳಿಯಿತು ಎಂದು ಖುಷಿಪಟ್ಟಿದ್ದಳು. ಪಾಲಿಶಿನ ವಾಸನೆ ಬಂದಾಗ ಯಾವುದೋ ಹೊಸ ಬೀರುವಿನಲ್ಲಿ ಇಟ್ಟಿದ್ದರೇನೋ ಎಂದುಕೊಂಡಿದ್ದಳು. ಸೊಸೆಯ ತಂದೆ ಇವರ ಮನೆಗೆ ಬರುವಾಗಲೆಲ್ಲ ಗಂಜಿ ಹಾಕಿದ ಬಿಳಿ ಅಂಗಿಯಲ್ಲೇ ಬರುತ್ತಿದ್ದರು. ಕೆಲಸದ ಅಂಗಿಯಲ್ಲಿ ಅವರನ್ನು ಅವಳು ಒಂದು ದಿನವೂ ನೋಡಿರಲಿಲ್ಲ.

ಸಂಗತಿ ಕೇಳಿ ಯಜಮಾನರು ತಲೆಯ ಮೇಲೆ ಕೈಹೊತ್ತು ಕುಳಿತರು. "ಚೀಲದ ಮೇಲೆ ವಿಳಾಸ ಇರಲಿಲ್ಲ ಕಣೇ" ಎಂದರು ಕೊನೆಗೆ, ಬಹಳ ಸಣ್ಣ ದನಿಯಲ್ಲಿ.

"ವಿಳಾಸ ಅಂತೆ ವಿಳಾಸ! ಕೇಳೋಕೆ ಬಾಯಿ ಇರಲಿಲ್ವಾ?"

"ನಿಂಗೆ ಇತ್ತಲ್ಲ?"

ಇದು ಅವರಿಬ್ಬರೇ ಮಾಡಬಹುದಾದ ತಪ್ಪು. ಬೇರೆ ಯಾರ ಮನೆಯಲ್ಲಾದರೂ ಆ ಚೀಲ ಮಂಚದ ಕೆಳಗೆ ಧೂಳು ತಿನ್ನುತ್ತಾ ಹಾಯಾಗಿ ಬಿದ್ದಿರುತ್ತಿತ್ತು.

ಯಜಮಾನರು ಒಂದೆರಡು ಉಪಾಯ ಹೇಳಿ ನೋಡಿದರು. ಅಂಥದೇ ಅಂಗಿ ಕೊಂಡು ತಂದರೆ? ಚೀಲ ಸಿಗುತ್ತಿಲ್ಲ ಎಂದರೆ? ಹೆಂಡತಿ ನೋಡಿದ ನೋಟಕ್ಕೆ ಎರಡೂ ಅಲ್ಲೇ ಬಾಡಿಹೋದವು. ಅವಳಿಗೆ ಹೊಳೆದದ್ದು ಒಂದೇ ದಾರಿ, ಬಿಚ್ಚುವುದು. ಮೂರು ಅಂಗಿ ಬಾರದಿದ್ದರೂ ತುಂಡು ಜೋಡಿಸಿದರೆ ಒಂದು ಅಂಗಿ ಎಬ್ಬಿಸಬಹುದು. ಮೈತುಂಬ ಹೊಲಿಗೆ ಕಾಣಿಸುತ್ತದೆ, ಕಾಣಿಸಲಿ. ಅಂಗಿ ಅಂಗಿಯೇ.

ಗುರುವಾರ ಯಜಮಾನರು ಬೀಗರನ್ನು ಬೆಳಗಿನ ಸುತ್ತಾಟಕ್ಕೆ ಕರೆದುಕೊಂಡು ಹೋದದ್ದೇ ತಡ, ಟೇಲರಮ್ಮ ಕೌದಿಯನ್ನು ಮೇಜಿನ ಮೇಲೆ ಹರಡಿ ಹೊಲಿಗೆ ಬಿಚ್ಚತೊಡಗಿದಳು. ಒಂದು ಸಾಲು ಮುಗಿಯುವಷ್ಟರಲ್ಲಿ ಇಬ್ಬರೂ ವಾಪಸ್ಸಾದರು. ಬೀಗರು ಮೂಲೆಗೆ ಹೋದರು. ಬರೀ ಚಾಪೆ. ಮೂಗಿನಿಂದ ಚಾಪೆಯನ್ನು ಒತ್ತಿ ನೋಡಿದರು. ಗೋಡೆಯುದ್ದಕ್ಕೂ ಮೂಸಿದರು. ಮಂಚದ ಕೆಳಗೆ ತಲೆ ತೂರಿಸಿದರು. ಆಮೇಲೆ ಹಿಂಗಾಲು ಎಳೆಯುತ್ತಾ ಮುಂಬಾಗಿಲಿಗೆ ಹೋಗಿ, ಸಂದಿಗೆ ಮೂಗಿಟ್ಟು ಮಲಗಿದರು. ಆಗಿನ್ನೂ ಬೆಳಗಿನ ಒಂಬತ್ತು ಗಂಟೆ.

ಟೇಲರಮ್ಮನ ಕೈ ಅಲ್ಲೇ ನಿಂತಿತು. ಅವಳು ಪೆದ್ದಿಯೇನಲ್ಲ. ಮೂರು ತಿಂಗಳಿಂದ ತನ್ನ ಕೈಗುಣ ಎಂದು ಮೆರೆದದ್ದು ಏನೆಂದು ಅವಳಿಗೆ ಆ ಕ್ಷಣ ತಿಳಿಯಿತು. ಬೀಗರು ತಮ್ಮ ಹಳೆಯ ಯಜಮಾನನನ್ನು ಮರೆತಿರಲಿಲ್ಲ. ಕೌದಿಯ ವಾಸನೆಗೆ, ಯಜಮಾನ ಮನೆಗೆ ಬಂದಿದ್ದಾನೆ ಎಂದುಕೊಂಡು ಕಾಯುವುದನ್ನು ಬಿಟ್ಟಿದ್ದರು, ಅಷ್ಟೆ. ಈಗ ಅವನು ಮತ್ತೆ ಹೊರಗೆ ಹೋಗಿದ್ದಾನೆ.

"ಏನ್ರೀ," ಎಂದಳು, ಕಣ್ಣೊರೆಸಿಕೊಂಡು, "ಸೂಜಿಗೆ ದಾರ ಪೋಣಿಸಿಕೊಡಿ. ನಂಗೆ ಕಣ್ಣು ಕಾಣ್ತಿಲ್ಲ."

ಬಿಚ್ಚಿದ ಸಾಲನ್ನು ಮತ್ತೆ ಹೊಲಿದು ಕೌದಿಯನ್ನು ಮೂಲೆಗೆ ಹಾಸಿದಳು. ಅದು ಹಾಸಿದ ಸದ್ದಿಗೋ ವಾಸನೆಗೋ ಬೀಗರು ಎದ್ದು ಬಂದರು, ಬಂದು ಬಿದ್ದುಕೊಂಡರು. ಅವಳು ಅವರ ಪಕ್ಕ ನೆಲದ ಮೇಲೆ ಬಹಳ ಹೊತ್ತು ಕುಳಿತಿದ್ದಳು. ಸೊಸೆ ಬೈದರೆ ಬೈಸಿಕೊಳ್ಳಬಹುದು. ಮಾತು ಬಿಟ್ಟರೂ ಸಹಿಸಿಕೊಳ್ಳಬಹುದು. ಆದರೆ ಆ ಕೌದಿ ಈಗ ಸೊಸೆಯ ಆಸ್ತಿ. ಕೊಡಿ, ತೆಗೆದುಕೊಂಡು ಹೋಗುತ್ತೇನೆ ಎಂದರೆ ಇಲ್ಲ ಎನ್ನಲು ತನಗೆ ಯಾವ ಬಾಯಿದೆ? ಆಗ ಈ ಜೀವ ಉಳಿದ ನಾಲ್ಕು ದಿನವನ್ನು ಬಾಗಿಲ ಸಂದಿಯಲ್ಲೇ ಕಳೆಯಬೇಕು.

ಶನಿವಾರ ಮಗ ಸೊಸೆ ಬಂದಾಗ, ಎರಡು ದಿನದಿಂದ ಬಾಯಿಪಾಠ ಮಾಡಿಟ್ಟುಕೊಂಡಿದ್ದ ಮಾತೆಲ್ಲ ಟೇಲರಮ್ಮನಿಗೆ ಮರೆತೇಹೋಯಿತು. ಸೊಸೆ ಕೈಯಲ್ಲಿದ್ದ ಬ್ಯಾಗು ಕೆಳಗಿಡುವ ಮೊದಲೇ, "ನಿಮ್ಮಪ್ಪನ ಅಂಗಿ ನಾನು ಕತ್ತರಿಸಿಬಿಟ್ಟೆ ಕಣಮ್ಮ" ಎಂದುಬಿಟ್ಟಳು.

ಸೊಸೆ ಬ್ಯಾಗು ಹಿಡಿದುಕೊಂಡೇ ನಿಂತಳು. "ಮೂರೂನಾ?"

"ಮೂರೂ."

"ಅದು ನಾನು ಎಡಗಡೆ ಇಟ್ಟಿದ್ದಕ್ಕೆ" ಎಂದರು ಯಜಮಾನರು ಹಿಂದಿನಿಂದ. ಜೀವಮಾನದಲ್ಲಿ ಮೊದಲ ಸಲ ಹೆಂಡತಿಯ ತಪ್ಪಿನಲ್ಲಿ ಪಾಲು ಕೇಳಿಕೊಂಡು ಬಂದಿದ್ದರು, ಪುಣ್ಯಾತ್ಮ.

"ಅಮ್ಮಾ, ಒಂದು ಮಾತು ಕೇಳೋಕೇನಾಗಿತ್ತು ನಿಂಗೆ?" ಎಂದು ಮಗ ಸಿಡುಕಿದ. ಸೊಸೆ ಅವನ ತೋಳು ಹಿಡಿದು ಸುಮ್ಮನಾಗಿಸಿದಳು. ಅವಳ ಮುಖ ಬಿಳಿಚಿಕೊಂಡಿತ್ತು. "ಎಲ್ಲಿವೆ?" ಎಂದಳು.

ಟೇಲರಮ್ಮ ಮೂಲೆ ತೋರಿಸಿದಳು. ಸೊಸೆ ಹೋಗಿ ಮಂಡಿಯೂರಿದಳು. ಬೀಗರು ಕಣ್ಣು ತೆರೆಯದೆಯೇ ಬಾಲವನ್ನು ಎರಡು ಸಲ ನೆಲಕ್ಕೆ ಬಡಿದರು. ಅವಳು ಒಂದೊಂದೇ ತುಂಡಿನ ಮೇಲೆ ಬೆರಳಾಡಿಸಿದಳು. ಜೇಬು ಇದ್ದ ಜಾಗದಲ್ಲಿ ಬಟ್ಟೆಯ ಬಣ್ಣ ಗಾಢವಾಗಿ ಉಳಿದಿತ್ತು. ಅಲ್ಲಿಗೆ ಬಂದಾಗ ಅವಳಿಗೆ ಅಳು ತಡೆಯಲಾಗಲಿಲ್ಲ.

"ಕೇಳಬಹುದಿತ್ತಲ್ಲ ಅತ್ತೆ."

"ಕೇಳಬೇಕಿತ್ತು. ಕೇಳಲಿಲ್ಲ. ತಪ್ಪು ನಂದೇ." ಟೇಲರಮ್ಮ ಕೌದಿಯ ತುದಿಯನ್ನು ಸೊಸೆಯ ಕೈಗಿಟ್ಟಳು. "ನಿಂದು ಇದು. ಬೇಕು ಅಂದ್ರೆ ಈಗಲೇ ತೊಗೋ. ಒಂದು ವಾರ ಕೊಟ್ರೆ ಇದರಲ್ಲೇ ಒಂದು ಅಂಗಿ ಎಬ್ಬಿಸಿಕೊಡ್ತೀನಿ. ಆದ್ರೆ ಒಂದು ವಿಷಯ ಮುಚ್ಚಿಡಬಾರದು, ಹೇಳ್ತೀನಿ. ಗುರುವಾರ ಇದನ್ನ ಬಿಚ್ಚೋಕೆ ಅಂತ ತೆಗೆದಿದ್ದೆ. ಇವರು ಸೀದಾ ಬಾಗಿಲಿಗೆ ಹೋದ್ರು."

ಸೊಸೆ ತಲೆಯೆತ್ತಿದಳು. "ಈಗ ಸಂಜೆ ಹೋಗಲ್ವಾ ಬಾಗಿಲ ಹತ್ರ?"

"ಇದು ಹಾಸಿದಾಗಿಂದ ಹೋಗಿಲ್ಲ. ಮೂರು ತಿಂಗಳಾಯ್ತು."

ಸೊಸೆ ಅಲ್ಲೇ ನೆಲದ ಮೇಲೆ ಮಲಗಿ, ನಾಯಿಯ ಪಕ್ಕದಲ್ಲಿ ಕೆನ್ನೆಯನ್ನು ಕೌದಿಗೆ ಆನಿಸಿದಳು. ಮಗ ಏನೋ ಹೇಳಲು ಹೋದ, ಯಜಮಾನರು ಅವನನ್ನು ಅಡುಗೆಮನೆಗೆ ಎಳೆದುಕೊಂಡು ಹೋದರು.

"ಆ ಚೀಲ ಸಿಕ್ಕಿದ್ರೂ ನಾನು ಒಂದು ಸಲಾನೂ ಬಿಚ್ತಿರಲಿಲ್ಲ ಅತ್ತೆ" ಎಂದಳು ಅವಳು ಮಲಗಿದ ಹಾಗೇ. "ಬಿಚ್ಚಿದ್ರೆ ವಾಸನೆ ಹೋಗಿಬಿಡುತ್ತೆ ಅಂತ ಭಯ. ಬಿಚ್ಚದೇನೇ ಇಟ್ಕೊಂಡಿದ್ರೆ ಯಾರಿಗೆ ಸಿಗ್ತಿತ್ತು ಹೇಳಿ? ನಂಗೂ ಇಲ್ಲ, ಇವರಿಗೂ ಇಲ್ಲ." ಮೂಗು ಒರೆಸಿಕೊಂಡಳು. "ಇರಲಿ ಬಿಡಿ. ಇವರ ಹತ್ರಾನೇ ಇರಲಿ."

ಟೇಲರಮ್ಮ ಸೊಸೆಯ ತಲೆಯ ಮೇಲೆ ಕೈಯಿಟ್ಟಳು. ಕ್ಷಮಿಸು ಎಂದು ಮತ್ತೊಮ್ಮೆ ಹೇಳಬೇಕೆಂದುಕೊಂಡವಳ ಬಾಯಿಂದ ಬಂದದ್ದು, "ನೀನು ನಮ್ಮನೆಗೆ ಬಂದಿದ್ದು ನಮ್ಮ ಪುಣ್ಯ ಕಣೇ" ಎಂಬ ಮಾತು. ಹತ್ತು ವರ್ಷದಿಂದ ಮನಸ್ಸಿನಲ್ಲಿದ್ದ ಮಾತು ಅದು. ಹೇಳುವುದಕ್ಕೆ ಇಷ್ಟು ದೊಡ್ಡ ತಪ್ಪು ಮಾಡಬೇಕಾಯಿತಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಸಂತೋಷವೇ ಒಂದು ಗುಲಗಂಜಿ ಹೆಚ್ಚಾಗಿತ್ತು.

ಭಾನುವಾರ ಮಧ್ಯಾಹ್ನ, ಹೊರಡುವುದಕ್ಕೆ ಇನ್ನು ಒಂದು ಗಂಟೆ ಇದೆ ಎನ್ನುವಾಗ ಸೊಸೆ ಹೊಲಿಗೆ ಮೇಜಿನ ಹತ್ತಿರ ಬಂದಳು. ಎರಡು ದಿನದಿಂದ ಕುತ್ತಿಗೆಗೆ ಸುತ್ತಿಕೊಂಡಿದ್ದ ಹತ್ತಿಯ ಸ್ಕಾರ್ಫನ್ನು ಬಿಚ್ಚಿ ಅತ್ತೆಯ ಮುಂದಿಟ್ಟಳು.

"ಇದನ್ನೂ ಸೇರಿಸಿ ಅತ್ತೆ. ಮೂಗು ಇಡೋ ಕಡೆ. ನಾನೂ ಇಲ್ಲಿರಲ್ವಲ್ಲ."

ಟೇಲರಮ್ಮ ಸ್ಕಾರ್ಫನ್ನು ಹರಡಿದಳು. ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಕತ್ತರಿ ತೆಗೆದುಕೊಂಡಳು. ಬಟ್ಟೆಯ ಅಂಚಿಗೆ ಕತ್ತರಿ ತಾಗಿತು, ಆದರೆ ಕೈ ಮುಂದೆ ಹೋಗಲಿಲ್ಲ. ಸಾವಿರಾರು ಹೊದಿಕೆಗಳನ್ನು ಕಣ್ಣುಮುಚ್ಚಿ ಸೀಳಿದ ಕೈ ಅದು.

"ಕೊಡಿ ಇಲ್ಲಿ" ಎಂದಳು ಸೊಸೆ. ಕತ್ತರಿಯನ್ನು ಅವಳ ಬೆರಳಿನಿಂದ ಬಿಡಿಸಿಕೊಂಡು, ತುಟಿ ಕಚ್ಚಿಕೊಂಡು, ಒಂದೇ ಉಸಿರಿಗೆ ಕತ್ತರಿಸಿದಳು. ಕತ್ತರಿ ಹಿಡಿದು ಅಭ್ಯಾಸವಿಲ್ಲದ ಕೈ. ಗೆರೆ ಒಂದು ಕಡೆ, ಕತ್ತರಿ ಇನ್ನೊಂದು ಕಡೆ ಹೋಯಿತು.

"ಅಯ್ಯೋ, ಸೊಟ್ಟ ಆಯ್ತಲ್ಲ ಅತ್ತೆ."

ಟೇಲರಮ್ಮ ಆ ತುಂಡನ್ನು ಎತ್ತಿಕೊಂಡು, ಅಂಚನ್ನು ಹೆಬ್ಬೆರಳಿನಿಂದ ನೀವಿ, ಸೂಜಿ ಚುಚ್ಚಿದಳು.

"ಆಗಲಿ," ಎಂದಳು. "ಇದೊಂದನ್ನ ನಾನು ಸರಿಮಾಡಲ್ಲ."